ವೃದ್ಧಾಶ್ರಮಗಳಲ್ಲಿ ಹಬ್ಬದ ಆಚರಣೆ

ಮಕರ ಸಂಕ್ರಾಂತಿಯು ಸಮೀಪಿಸುತ್ತಿರುವುದು. ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುವ ಕಾಲವಿದು. ಈ ತಿಂಗಳು ನಾವು ಬರೆಯಹೊರಟಿರುವುದೂ ಹಬ್ಬದ ವಿಷಯವೇ. ಆದರೆ ಅದು ನಮ್ಮ ನಮ್ಮ ಮನೆಗಳ ಹಬ್ಬವಲ್ಲ. ಮನೆಯನ್ನು ಬಿಟ್ಟು ವೃದ್ಧಾಶ್ರಮಗಳಲ್ಲಿ ವಾಸಿಸುತ್ತಿರುವ ಹಿರಿಯರ ಹಬ್ಬ. ಇದು ಪರರ ಮಾತೆಂದು ಯಾರೂ ಪುಟವನ್ನು ಮಗುಚದಿರಲಿ. 2011ನೆಯ ಇಸವಿಯ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆಯು 10 ಕೋಟಿಯನ್ನು ಮೀರಿತ್ತು. ಅವರಲ್ಲಿ ಆಶ್ರಮವನ್ನು ಸೇರಿದವರೆಲ್ಲರೂ ಮಕ್ಕಳಿಂದ ತ್ಯಕ್ತರಾದವರೆಂದು ಭಾವಿಸುವುದು ತಪ್ಪು. ಮಕ್ಕಳೇ ಇಲ್ಲದವರುಂಟು, ದಾದಿಯರ ಶುಶ್ರೂಷೆ ಬೇಕಾದವರುಂಟು, ಯಾರಿಗೂ ಭಾರವಾಗಬಾರದೆಂದು ತಾವಾಗಿಯೇ ಹೊರಟುಬಂದವರೂ ಉಂಟು.

ಹಬ್ಬದ ದಿನ ಇಂತಹ ಆಶ್ರಮಗಳಲ್ಲಿ ನಡೆಯುವುದನ್ನು ನೋಡಿದವರಿಗೆ ಈ ಚಿತ್ರವು ಪರಿಚಿತವಾದುದೇ. ಹಿರಿಯರನ್ನು ಬೆಳಗಿನಿಂದಲೇ ಸಾಲಾಗಿ ಕುರ್ಚಿಗಳಲ್ಲಿ ಕುಳ್ಳಿರಿಸುವರು. ಒಂದು ಸಂಘದವರು ಬಂದು ಹಣ್ಣು ಹಂಚುವರು, ಭಾಷಣ ಮಾಡುವರು, ಭಾವಚಿತ್ರ ತೆಗೆಸಿಕೊಳ್ಳುವರು, ಹೊರಟುಹೋಗುವರು. ಅವರ ಹಿಂದೆಯೇ ಮತ್ತೊಂದು ಸಂಘದವರು ಬರುವರು. ಮೂರು ಕಡೆಯ ಸಿಹಿಯೂಟ ಒಂದೇ ಮಧ್ಯಾಹ್ನ ಬಂದು ಸೇರುವುದು. ಮರುದಿನ ಬಾಗಿಲನ್ನು ತಟ್ಟುವವರೇ ಇಲ್ಲ. ಕೊಡುವವರ ಮನಸ್ಸು ಒಳ್ಳೆಯದೇ. ಅದನ್ನು ನಾವು ಹಳಿಯುವುದಿಲ್ಲ. ಏತಕ್ಕೆಂದರೆ ಆ ತಪ್ಪನ್ನು ಸ್ವತಃ ನಾವೂ ಮಾಡಿದವರೇ.

ನಮ್ಮ ಸೋದರತ್ತೆಯವರು ಸಂತಾನವಿಲ್ಲದ ವಿಧವೆ. ವಯಸ್ಸು 80ನ್ನು ದಾಟಿದೆ. ಸೊಂಟದ ಮೂಳೆ ಮುರಿದ ಮೇಲೆ, ಮೂರನೆಯ ಅಂತಸ್ತಿನಲ್ಲಿರುವ ನಮ್ಮ ಮನೆಯಲ್ಲಿ ಅವರನ್ನು ನೋಡಿಕೊಳ್ಳಲು ಶಕ್ಯವಾಗದೆ, ಅವರ ಒಪ್ಪಿಗೆ ಪಡೆದು ಒಂದು ಆಶ್ರಮದಲ್ಲಿ ಇರಿಸಿದೆವು. ಮೊದಲನೆಯ ಸಂಕ್ರಾಂತಿಯಂದು ಅಂಗಡಿಯಿಂದ ಎಳ್ಳಿನ ಪೊಟ್ಟಣವೊಂದನ್ನೂ ಸಕ್ಕರೆ ಅಚ್ಚುಗಳನ್ನೂ ಕೊಂಡು ಹೋಗಿ ಅವರ ಕೈಗಿತ್ತು ನಮಸ್ಕರಿಸಿದೆವು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ನಾನು ಯಾರಿಗೆ ಬೀರಲಪ್ಪ?" ಎಂದು ಕೇಳಿದರು.

"ಬೀರುವುದೇಕೆ ಅತ್ತೆ? ನಿಮಗೆಂದೇ ತಂದದ್ದು, ನೀವೇ ತಿನ್ನಿ" ಎಂದೆವು.

ಅವರು ನಕ್ಕರು. "ನನಗೆ ಹಲ್ಲೆಲ್ಲಿದೆ ಮಗು? ಆದರೂ ಎಳ್ಳೆಂಬುದು ಒಬ್ಬಳೇ ಕುಳಿತು ತಿನ್ನುವ ಪದಾರ್ಥವೇ?" ಎಂದರು.

ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಪಾಠ ಹೇಳಿದ ನಮಗೆ ಅಂದು ಉತ್ತರವು ತೋರಲಿಲ್ಲ. ಮನೆಗೆ ಬಂದು ಯೋಚಿಸಿದಾಗ, ನಮ್ಮ ಹಬ್ಬಗಳಲ್ಲಿ ಬಹುಪಾಲು ಕೊಡುವ ಹಬ್ಬಗಳೇ ಎಂಬುದು ಹೊಳೆಯಿತು. ಸಂಕ್ರಾಂತಿಗೆ ಎಳ್ಳು ಬೀರುವುದು, ಗೌರಿಗೆ ಬಾಗಿನ ಕೊಡುವುದು, ವಿಜಯದಶಮಿಗೆ ಬನ್ನಿಯನ್ನು ಹಂಚುವುದು ಇವೇ ಮುಖ್ಯ, ಭೋಜನವು ಅನಂತರದ್ದು. 'ಉತ್ಸವ' ಎಂಬ ಶಬ್ದದಲ್ಲಿರುವ ಧಾತುವಿಗೂ ಉಪಸರ್ಗಕ್ಕೂ ಮೇಲಕ್ಕೆ ಪ್ರೇರಿಸುವುದೆಂದು ಅರ್ಥ. ಅರುವತ್ತು ವರ್ಷಗಳ ಕಾಲ ಊರಿಗೆಲ್ಲ ಎಳ್ಳು ಬೀರಿದ ಕೈಯನ್ನು ಬರಿಯ ಭಿಕ್ಷೆಯ ಕೈಯಾಗಿ ಮಾಡಿದರೆ, ಅದು ಮನಸ್ಸನ್ನು ಮೇಲಕ್ಕೆತ್ತುವ ಬಗೆ ಎಂತು?

ಇದು ಕೇವಲ ನಮ್ಮ ಭಾವನೆಯಲ್ಲ. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕಾದ ಕನೆಕ್ಟಿಕಟ್ ರಾಜ್ಯದ ಶುಶ್ರೂಷಾಲಯವೊಂದರಲ್ಲಿ ಪರೀಕ್ಷೆಯೊಂದನ್ನು ನಡೆಸಿ, ಅದರ ಫಲವನ್ನು 1976ರಲ್ಲಿ ಪ್ರಕಟಿಸಿದರು. ಒಂದು ಅಂತಸ್ತಿನ ವೃದ್ಧರಿಗೆ, ನಿಮ್ಮ ದಿನಚರಿಯ ಹೊಣೆ ನಿಮ್ಮದೇ ಎಂದು ಹೇಳಿ, ತಾವೇ ಆರಿಸಿಕೊಂಡು ನೀರೆರೆದು ಸಾಕುವಂತೆ ಗಿಡಗಳನ್ನು ಕೊಟ್ಟರು. ಮತ್ತೊಂದು ಅಂತಸ್ತಿನವರಿಗೂ ಗಿಡಗಳನ್ನು ಕೊಟ್ಟರು. ಆದರೆ ಅವುಗಳನ್ನು ದಾದಿಯರೇ ನೋಡಿಕೊಳ್ಳುವರೆಂದು ತಿಳಿಸಿದರು. ಮೂರು ವಾರಗಳ ತರುವಾಯ ಮೊದಲಿನವರಲ್ಲಿ ಉತ್ಸಾಹವೂ ಚಟುವಟಿಕೆಯೂ ಹೆಚ್ಚಾಗಿ ಕಂಡುಬಂದುವು. ಪರೀಕ್ಷೆಯು ಚಿಕ್ಕದು, ಅದೊಂದರಿಂದಲೇ ಎಲ್ಲವನ್ನೂ ನಿರ್ಣಯಿಸಲಾಗದು. ಆದರೂ ನಮ್ಮ ಅತ್ತೆಯವರ ಪ್ರಶ್ನೆಯೂ ಈ ವಿದುಷಿಯರ ಪರೀಕ್ಷೆಯೂ ಒಂದೇ ದಿಕ್ಕನ್ನು ತೋರಿಸುತ್ತಿರುವುವಲ್ಲವೇ?

ಮರುವರ್ಷ ನಾವು ಸಿದ್ಧವಾದ ಪೊಟ್ಟಣವನ್ನು ಕೊಳ್ಳಲಿಲ್ಲ. ಮೇಲ್ವಿಚಾರಕರ ಅನುಮತಿಯನ್ನು ಪಡೆದು, ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಕೊಬ್ಬರಿ, ಬೆಲ್ಲ, ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆಗಳನ್ನು ತಂದು ಜಗಲಿಯ ಮೇಲೆ ಇರಿಸಿದೆವು. ಕೈಯಲ್ಲಿ ಕಸುವಿದ್ದವರು ಅಡಕತ್ತರಿಯನ್ನು ಹಿಡಿದರು. ಕಣ್ಣು ಮಂದವಾದವರು ಹುರಿದ ಬೀಜದ ಸಿಪ್ಪೆಯನ್ನು ಬೆರಳಿನಿಂದಲೇ ಉಜ್ಜಿ ತೆಗೆದರು. ಹಿಂದೆ ಗುಮಾಸ್ತರಾಗಿದ್ದ ಮುದುಕರೊಬ್ಬರು ಲೆಕ್ಕವನ್ನು ಬರೆದರು. ಬೆಲ್ಲದ ಅಚ್ಚು ಎಷ್ಟು ಸಣ್ಣಗಿರಬೇಕೆಂಬ ವಿಷಯದಲ್ಲಿ ಇಬ್ಬರು ಅಜ್ಜಿಯರಿಗೆ ಜಗಳವೂ ಆಯಿತು. ಅದನ್ನು ಕೇಳಿ ಮೇಲ್ವಿಚಾರಕರು, "ಇಲ್ಲಿ ಜಗಳದ ಸದ್ದು ಕೇಳಿ ಬಹಳ ದಿನವಾಗಿತ್ತು" ಎಂದು ಸಂತೋಷಪಟ್ಟರು. ಹಬ್ಬದ ಸಾಯಂಕಾಲ ನೆರೆಯ ಬೀದಿಯ ಮಕ್ಕಳು ಬಂದರು. ದಾದಿಯರೂ ಅಡಿಗೆಯವರೂ ತೋಟದ ಆಳೂ ಬಂದರು. ಕುರ್ಚಿಯಲ್ಲಿ ಕುಳಿತ ಹಿರಿಯರೇ ಎಲ್ಲರಿಗೂ ಎಳ್ಳು ಬೀರಿ, ಒಳ್ಳೆಯ ಮಾತನಾಡಿರೆಂದು ಹರಸಿದರು. ನಮ್ಮ ಪಾಲಿನ ಎಳ್ಳನ್ನು ನಾವೂ ಕೈಯೊಡ್ಡಿ ತೆಗೆದುಕೊಂಡೆವು.

ಈ ರೀತಿಯನ್ನು ಪ್ರತಿಯೊಂದು ಹಬ್ಬಕ್ಕೂ ಅನ್ವಯಿಸಬಹುದು. ಯುಗಾದಿಯಂದು ಪಂಚಾಂಗವನ್ನು ಹಿರಿಯರೊಬ್ಬರೇ ಓದಲಿ. ನವರಾತ್ರಿಯಲ್ಲಿ ಗೊಂಬೆಗಳನ್ನು ಅವರೇ ಜೋಡಿಸಿ ಮಕ್ಕಳಿಗೆ ಕಥೆ ಹೇಳಲಿ. ದೀಪಾವಳಿಗೆ ಬತ್ತಿಯನ್ನು ಹೊಸೆದುಕೊಡಲಿ. ಕ್ರೈಸ್ತರಿದ್ದಲ್ಲಿ ಕ್ರಿಸ್ಮಸ್ಸಿನ ಗೋದಲಿಯೂ, ಮುಸಲ್ಮಾನರಿದ್ದಲ್ಲಿ ರಂಜಾನಿನ ಶಾವಿಗೆ ಪಾಯಸವೂ ಅವರವರ ಮೇಲ್ವಿಚಾರಣೆಯಲ್ಲಿಯೇ ಸಿದ್ಧವಾಗಲಿ.

ಆದರೆ ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಮಧುಮೇಹಿಗಳಿಗೂ, ನುಂಗಲು ಕಷ್ಟಪಡುವವರಿಗೂ ಯಾವ ತಿಂಡಿ ತಕ್ಕುದೆಂಬುದನ್ನು ದಾದಿಯರಲ್ಲಿ ವಿಚಾರಿಸಿಯೇ ಕೊಡತಕ್ಕದ್ದು. ನೆನಪು ಮಾಸಿದವರಿಗೆ ಧ್ವನಿವರ್ಧಕದ ಅಬ್ಬರವೂ ಪಟಾಕಿಯ ಸದ್ದೂ ಭಯವನ್ನುಂಟುಮಾಡುವುವು; ಅಂತಹವರಿಗೆ ಬಾಲ್ಯದಲ್ಲಿ ಕಲಿತ ಹಾಡೊಂದೇ ಸಾಕು. ಬರಲೊಲ್ಲದವರನ್ನು ಬಲವಂತಪಡಿಸಬಾರದು; ಕೋಣೆಯಲ್ಲಿ ಸುಮ್ಮನಿರುವುದೂ ಅವರ ಸ್ವಾತಂತ್ರ್ಯವೇ. ಕೇಳದೆ ಭಾವಚಿತ್ರವನ್ನು ತೆಗೆಯಬಾರದು. ಸೋದರಿಯರಲ್ಲಿ ವಿಶೇಷವಾಗಿ ಒಂದು ವಿಜ್ಞಾಪನೆ. ಆಶ್ರಮಗಳಲ್ಲಿರುವ ಸ್ತ್ರೀಯರಲ್ಲಿ ವಿಧವೆಯರು ಅನೇಕರು. ಅರಿಸಿನ ಕುಂಕುಮದ ತಟ್ಟೆಯನ್ನು ಹಿಡಿದು, ಒಬ್ಬರಿಗೆ ಕೊಟ್ಟು ಪಕ್ಕದವರನ್ನು ದಾಟಿಹೋದರೆ ಆ ಹಬ್ಬವು ಅವರ ಪಾಲಿಗೆ ಹಳೆಯ ಗಾಯವನ್ನು ಕೆದಕಿದಂತಾಗುವುದು. ಎಲ್ಲರಿಗೂ ಹೂವನ್ನು ಕೊಡಿರಿ, ಎಲ್ಲರ ಕಾಲಿಗೂ ಎರಗಿರಿ.

ನಮ್ಮ ದೇಶದ 2007ನೆಯ ಇಸವಿಯ ಹಿರಿಯ ನಾಗರಿಕರ ಕಾಯಿದೆಯು 'ಕಲ್ಯಾಣ' ಎಂಬ ಶಬ್ದಕ್ಕೆ ಅರ್ಥ ಹೇಳುವಾಗ ಅನ್ನ, ಆರೋಗ್ಯಗಳೊಡನೆ ವಿನೋದ ಕೇಂದ್ರಗಳನ್ನೂ ಎಣಿಸಿರುವುದು. ಮನಸ್ಸಿನ ಉಲ್ಲಾಸವು ಅನ್ನದಷ್ಟೇ ಅವಶ್ಯವೆಂಬುದನ್ನು ಶಾಸನವೇ ಒಪ್ಪಿದಂತಾಯಿತು. ಆದರೆ ಶಾಸನವು ಕೇಂದ್ರವನ್ನು ಕಟ್ಟಿಸಬಲ್ಲುದೇ ಹೊರತು, ಅಲ್ಲಿಗೆ ಹೋಗಿ ಎಳ್ಳಿಗೆ ಕೈಯೊಡ್ಡುವವರನ್ನು ಒದಗಿಸಲಾರದು. ಅದು ನಮ್ಮ ನಿಮ್ಮ ಕೆಲಸ.

ಸಂಸ್ಕೃತದಲ್ಲಿ 'ವೃದ್ಧ'ನೆಂದರೆ ಬೆಳೆದವನೆಂದರ್ಥ, ಸವೆದವನೆಂದಲ್ಲ. ಆದಕಾರಣ, ವಾಚಕರೇ, ಈ ಸಂಕ್ರಾಂತಿಗೆ ನಿಮಗೆ ಗೊತ್ತಿರುವ ಹಿರಿಯರಲ್ಲಿಗೆ ಹೋಗುವಾಗ, ಏನು ತರಲಿ ಎಂದು ಕೇಳುವುದರ ಜೊತೆಗೆ, "ಈ ಹಬ್ಬಕ್ಕೆ ನಮಗೆ ಏನು ಮಾಡಿಕೊಡುವಿರಿ?" ಎಂದೂ ಕೇಳಿ ನೋಡಿರಿ. ಹಬ್ಬ ಮುಗಿದ ಮುಂದಿನ ವಾರ ಬರಿಗೈಯಲ್ಲಿಯೇ ಆದರೂ ಮತ್ತೊಮ್ಮೆ ಹೋಗಿಬನ್ನಿರಿ. ನಮ್ಮ ಅತ್ತೆಯವರಂತೂ ಈ ವರ್ಷ ಧನುರ್ಮಾಸವು ಹುಟ್ಟುವ ಮೊದಲೇ ಹೇಳಿಕಳುಹಿಸಿದ್ದಾರೆ: "ಕಳೆದ ಸಲದ ಬೆಲ್ಲ ಒದ್ದೆಯಾಗಿತ್ತು; ಈ ಸಲ ನೋಡಿ ತಾ."