ದಾನದ ಹಸುವಿಗೂ ಹುಲ್ಲು ಹಾಕಬೇಕು

‘ದುಡ್ಡು ಕೊಡದೆ ಸಿಗೋ ಸಾಫ್ಟ್‌ವೇರ್ ಮೇಲೆ ಸುದ್ದಿ ತಾಣ ನಡೆಸ್ತೀರಾ? ಒಂದು ದಿನ ಎಲ್ಲಾ ಹೋಗುತ್ತೆ ನೋಡಿ.’ ತಾಲ್ಲೂಕಿನ ಕಂಪ್ಯೂಟರ್ ಅಂಗಡಿಯವರೊಬ್ಬರು ನಮಗೆ ಹೇಳಿದ ಮಾತಿದು. ಹೀಗೆ ಹೇಳುವವರು ಅವರೊಬ್ಬರೇ ಅಲ್ಲ. ಆದ್ದರಿಂದ ಎಲ್ಲರೆದುರೇ ಉತ್ತರ ಕೊಡುತ್ತೇವೆ.

ಮೊದಲು ನಿಮ್ಮ ಕೈಯಲ್ಲಿರುವ ಫೋನ್ ನೋಡಿ. ಅದು ಆಂಡ್ರಾಯ್ಡ್ ಆಗಿದ್ದರೆ ಅದರ ತಿರುಳು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸೇ. ನೆಟ್‌ಫ್ಲಿಕ್ಸ್‌ನವರು ಸಿನಿಮಾ ಕಳಿಸುವ ಯಂತ್ರಗಳಲ್ಲಿರುವುದು ಫ್ರೀಬಿಎಸ್‌ಡಿ. ಅದೂ ಉಚಿತವೇ. ಕೋಟಿ ಕೋಟಿ ಇದ್ದವರೇ ಇದನ್ನು ಆರಿಸಿಕೊಂಡಿರುವಾಗ ನಮ್ಮನ್ನು ನೋಡಿ ನಗುವುದೇಕೆ?

‘ಕೋಡ್ ಎಲ್ಲರಿಗೂ ಕಾಣುತ್ತೆ, ಕಳ್ಳರಿಗೆ ಸುಲಭ’ ಅನ್ನುವುದು ಎರಡನೇ ಆಕ್ಷೇಪ. ಕಳ್ಳರಿಗೆ ಕಾಣುವುದು ಕಾವಲಿನವರಿಗೂ ಕಾಣುತ್ತದೆ. ಎಕ್ಸ್‌ಜೆಡ್ ಎಂಬ ಸಣ್ಣ ಸಾಫ್ಟ್‌ವೇರಿನೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅನುಮಾನಪಟ್ಟು, ಕೆದಕಿ, ಎಲ್ಲರಿಗೂ ಸಾರಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲ. ಬೀಗ ಹಾಕಿದ ಕೋಡಿನೊಳಗೆ ಹೊರಗಿನವರು ಹೀಗೆ ಹುಡುಕುವುದು ಹೇಗೆ?

ಇಷ್ಟು ಹೇಳಿ ಎದೆ ತಟ್ಟಿಕೊಳ್ಳುವಂತಿಲ್ಲ. ನಮ್ಮ ಮೊದಲ ಸರ್ವರ್ ಹಾಳಾದದ್ದು ನಿಜ. ಪಾಸ್‌ವರ್ಡ್ ಏನು ಗೊತ್ತೇ? ತಾಲ್ಲೂಕಿನ ಹೆಸರು, ಮುಂದೆ 123. ಇಂಟರ್ನೆಟ್ಟಿಗೆ ತೆರೆದ ಸರ್ವರ್ ಅಂದರೆ ಹೆದ್ದಾರಿಗೆ ಮುಖಮಾಡಿದ ಬಾಗಿಲು. ಹಗಲೂ ರಾತ್ರಿ ಯಾರೋ ತಟ್ಟುತ್ತಲೇ ಇರುತ್ತಾರೆ. ಒಬ್ಬ ಒಳಗೆ ಬಂದ, ನಮ್ಮ ಯಂತ್ರದಿಂದಲೇ ಸಾವಿರಾರು ಕಳ್ಳ ಇಮೇಲ್ ಕಳಿಸಿದ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾಯಿತು. ಬ್ಯಾಕಪ್ ಇತ್ತು, ಆದರೆ ಅದೇ ಯಂತ್ರದಲ್ಲಿ! ಕೆರೆ ಒತ್ತುವರಿ ಬಗ್ಗೆ ಎರಡು ವರ್ಷ ತೆಗೆದ ಫೋಟೊಗಳು ಹೋದವು. ಆ ಕೆರೆಯ ಅಂಗಳದಲ್ಲಿ ಈಗ ಸೈಟುಗಳಿವೆ, ಮೊದಲು ಹೇಗಿತ್ತು ಎಂದು ತೋರಿಸಲು ನಮ್ಮ ಬಳಿ ಏನೂ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ತಪ್ಪು ಲಿನಕ್ಸಿನದಲ್ಲ, ನಮ್ಮದು. ದಾನದ ಹಸುವಿನ ಹಲ್ಲು ಎಣಿಸಬಾರದು, ಸರಿ. ಹುಲ್ಲು ನೀರು ಹಾಕದೆ ಹಾಲು ಕೇಳಬಹುದೇ?

ಈಗ ನಾವು ಮಾಡುವುದಿಷ್ಟು: ಪಾಸ್‌ವರ್ಡ್ ಲಾಗಿನ್ ಬಂದ್, ಕೀ ಇದ್ದವರಿಗೆ ಮಾತ್ರ ಪ್ರವೇಶ. ಬೇಕಾದ ಪೋರ್ಟ್ ಬಿಟ್ಟು ಉಳಿದವು ಮುಚ್ಚಿವೆ. ಭದ್ರತೆಯ ಅಪ್‌ಡೇಟ್ ತಾನಾಗಿಯೇ ಆಗುತ್ತದೆ. ಬ್ಯಾಕಪ್ ಬೇರೆ ಊರಿನ ಡಿಸ್ಕ್‌ನಲ್ಲಿದೆ. ತಿಂಗಳಿಗೊಮ್ಮೆ ಅದನ್ನು ತೆರೆದು ಫೋಟೊ ಕಾಣುತ್ತದೆಯೇ ಎಂದು ನೋಡುತ್ತೇವೆ. ಈ ಕೆಲಸಕ್ಕೆ ಒಬ್ಬರ ಹೆಸರು ಗೊತ್ತುಮಾಡಿದ್ದೇವೆ. ‘ಎಲ್ಲರೂ ನೋಡ್ಕೋತಾರೆ’ ಅಂದರೆ ಯಾರೂ ನೋಡುವುದಿಲ್ಲ.

ನಿಮ್ಮೂರಿನ ಹಾಲಿನ ಸೊಸೈಟಿಯೋ ಯುವಕ ಸಂಘವೋ ಸ್ವಂತ ತಾಣ ಮಾಡಲು ಹೊರಟರೆ ಹೆದರಬೇಡಿ. ಲೈಸೆನ್ಸಿಗೆ ಕೊಡಬೇಕಿದ್ದ ದುಡ್ಡನ್ನು ನೋಡಿಕೊಳ್ಳುವ ಹುಡುಗನಿಗೋ ಹುಡುಗಿಗೋ ಕೊಡಿ. ಅಂಗಡಿಯವರಿಗೂ ಇದೇ ನಮ್ಮ ಉತ್ತರ: ಸಾಫ್ಟ್‌ವೇರ್ ಬಿಟ್ಟಿ ಸಿಕ್ಕಿದೆ, ಕಾವಲು ಬಿಟ್ಟಿ ಸಿಗುವುದಿಲ್ಲ.