ಮನೆವಾರ್ತೆ: ಎಣ್ಣೆ ಕ್ಯಾನು ಕೋಳಿಗಿರಲಿ, ಔಷಧಿ ಕ್ಯಾನು ಬೇಡವೇ ಬೇಡ

ಅಡುಗೆ ಎಣ್ಣೆಯ 5 ಲೀಟರ್ ಕ್ಯಾನು ಖಾಲಿಯಾಯಿತೇ? ಗುಜರಿಗೆ ಹಾಕಬೇಡಿ. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದ ಗೃಹಿಣಿಗೆ ಅದು ಬಲು ಉಪಯೋಗಿ.

ಸೀಗೆಪುಡಿ, ಬಿಸಿನೀರು ಹಾಕಿ ಜಿಡ್ಡು ತೆಗೆಯಿರಿ. ತಳದಿಂದ ಒಂದು ಅಂಗುಲ ಮೇಲೆ, ಪೆನ್ಸಿಲ್ ತೂರುವಷ್ಟು ಒಂದೇ ತೂತು ಮಾಡಿ. ತೂತಿಗೆ ಬೆರಳಿಟ್ಟು ನೀರು ತುಂಬಿ, ಮುಚ್ಚಳ ಬಿಗಿಮಾಡಿ, ಎರಡಂಗುಲ ಅಂಚಿನ ಅಗಲ ತಟ್ಟೆಯಲ್ಲಿ ನೆರಳಿಗಿಡಿ. ತೂತು ಮುಳುಗಿದೊಡನೆ ನೀರು ತಾನೇ ನಿಲ್ಲುತ್ತೆ. ಕೋಳಿ ಕುಡಿದಂತೆಲ್ಲ ಮತ್ತೆ ಬರುತ್ತೆ. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರನ್ನು ದಿನಾ ಬದಲಿಸಿ.

ಒಡೆದ ಕ್ಯಾನನ್ನು ಅರ್ಧಕ್ಕೆ ಕೊಯ್ದು, ತಳಕ್ಕೆ ನಾಲ್ಕಾರು ತೂತು ಹಾಕಿದರೆ ಕೊತ್ತಂಬರಿ, ಮೆಂತ್ಯದ ಕುಂಡ ಸಿದ್ಧ. ಕೋಳಿಗೊಬ್ಬರವನ್ನು ಹಸಿಯಾಗಿ ಹಾಕಬೇಡಿ, ಬೇರು ಸುಟ್ಟುಹೋಗುತ್ತೆ. ತರಗೆಲೆ ಬೆರೆಸಿ ಎರಡು ಮೂರು ತಿಂಗಳು ಕೊಳೆಸಿ ಹಾಕಿ.

ಇನ್ನು ಮುಖ್ಯವಾದ ಮಾತು. ಬುಕ್ಕಾಂಬುಧಿ, ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಕ್ಯಾನೂ ಇರುತ್ತೆ. ನೋಡಲು ಗಟ್ಟಿಮುಟ್ಟು, ಬಿಸಾಡಲು ಮನಸ್ಸು ಬರೋಲ್ಲ. ಆದರೆ ಎಷ್ಟು ತಿಕ್ಕಿದರೂ ವಿಷ ಪ್ಲಾಸ್ಟಿಕ್ಕಿನಲ್ಲೇ ಉಳಿಯಬಹುದು. ಕೋಳಿಯ ಹೊಟ್ಟೆ ಸೇರಿದ ವಿಷ ಮೊಟ್ಟೆಗೂ ಇಳಿದೀತು. ಆ ಮೊಟ್ಟೆ ತಿನ್ನೋದು ನಿಮ್ಮ ಮಕ್ಕಳೇ ಅಲ್ಲವೇ? ಸಿಂಪಡಿಸುವಾಗಲೇ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಡಬ್ಬಿಗೇ ಸುರಿಯಲು ಯಜಮಾನರಿಗೆ ಹೇಳಿ. ಆಮೇಲೆ ಕ್ಯಾನಿಗೆ ತೂತು ಹೊಡೆದು, ಮಕ್ಕಳ ಕೈಗೆ ಸಿಗದಂತೆ ಇಡಿಸಿ. ಒಲೆಗಂತೂ ಹಾಕಲೇಬೇಡಿ. ಫಿನಾಯಿಲ್, ಆಸಿಡ್ ಡಬ್ಬಿಗಳೂ ಕೋಳಿಗೆ ಬೇಡ.

ಮೊದಲು ಏನಿತ್ತು ಅಂತ ಗೊತ್ತಿಲ್ಲದ ಕ್ಯಾನನ್ನು ಕೋಳಿಗೂ ಇಡಬೇಡಿ, ಸೊಪ್ಪಿಗೂ ಬಳಸಬೇಡಿ.