ವಸಯಿ ಕೋಟೆಯ ಪ್ರವಾಸ

ವಿದ್ಯಾರ್ಥಿಗಳೇ, ಮುಂಬಯಿಗೆ ವಸಯಿ ದೂರವಲ್ಲ. ಬೆಳಗಿನ ಗಾಡಿ ಹಿಡಿದರೆ ಸಂಜೆಗೆ ಮನೆ. ಆದರೆ ಆ ಹಳೆಯ ಬಂದರಿನಲ್ಲಿ ಮಾರ್ಗದರ್ಶಕರ ಮಾತು ಒಂದು ಗಂಟೆಗೆ ಸಾಕೆಂಬುದು ನಮ್ಮ ಅಭಿಪ್ರಾಯ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಹನು ವಸಯಿಯನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟದ್ದು, 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದದ್ದು, 1802ರಲ್ಲಿ ಎರಡನೆಯ ಬಾಜೀರಾಯನು ಆಂಗ್ಲರೊಡನೆ ಒಪ್ಪಂದ ಮಾಡಿಕೊಂಡದ್ದು: ಇವನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದು ತಲೆಯೆತ್ತುವಷ್ಟರಲ್ಲಿ ಬುತ್ತಿ ಬಿಚ್ಚುವ ಹೊತ್ತಾಗಿರುತ್ತದೆ.

ಇಸವಿಗಳು ಪಠ್ಯಪುಸ್ತಕದಲ್ಲಿಯೂ ದೊರೆಯುತ್ತವೆ. ಛಾವಣಿಯಿಲ್ಲದ ಇಗರ್ಜಿಯ ನೆಲದಲ್ಲಿ ಹಾಸಿರುವ ಗೋರಿಕಲ್ಲುಗಳು ಅಲ್ಲಿ ದೊರೆಯವು. ಅವುಗಳ ಮೇಲಿನ ಪೋರ್ತುಗೀಜ್ ಅಕ್ಷರಗಳನ್ನು ಬೆರಳಾಡಿಸಿ ಓದಲೆತ್ನಿಸಿರಿ. ವಸಯಿಯ ವಿಜಯದ ಕುರುಹಾದ ಪೋರ್ತುಗೀಜ್ ಘಂಟೆಯೊಂದು ನಾಶಿಕದ ನಾರೋಶಂಕರ ದೇವಾಲಯದಲ್ಲಿ ಇಂದಿಗೂ ತೂಗುತ್ತಿದೆ. ಗೆದ್ದವರು ಅದನ್ನು ಕರಗಿಸದೆ ದೇವರ ಮನೆಗೆ ಕಟ್ಟಿದರು. ಏಕಿರಬಹುದು? ಈ ಚರ್ಚೆ ಆ ಮುರುಕು ಗೋಡೆಗಳ ನೆರಳಿನಲ್ಲಿಯೇ ನಡೆಯಬೇಕು. ಮಕ್ಕಳು ಸಾಲು ತಪ್ಪಿದರೆಂದು ಶಿಕ್ಷಕರು ಸಿಡುಕಬಾರದು.

ಪೋರ್ತುಗೀಜರು ಹೋದರು, ಪೇಶ್ವೆಯರು ಹೋದರು, ಆಂಗ್ಲರೂ ಹೋದರು. ಕೋಟೆಯ ಮಗ್ಗುಲಿನ ಧಕ್ಕೆಯಲ್ಲಿ ಮೀನುಗಾರರ ದೋಣಿಗಳು ಮಾತ್ರ ಇನ್ನೂ ನಿಲ್ಲುತ್ತವೆ. ಮಾರ್ಗದರ್ಶಕರು ಅತ್ತ ಬೆರಳು ತೋರುವುದು ಅಪರೂಪ. ಮುಂದಿನ ಪ್ರವಾಸದಲ್ಲಿ ಊಟದ ನಂತರದ ಹೊತ್ತೆಲ್ಲವೂ ಆ ಧಕ್ಕೆಗೆ ಮೀಸಲಾಗಲಿ.